ಗಾಜಿನ ಡಾಕ್ಟರ ತಮ್ಮ

ನಮ್ಮಣ್ಣನನ್ನು ಊರೆಲ್ಲ ಗಾಜಿನ ಡಾಕ್ಟರು ಅಂತ ಕರೆಯುತ್ತದೆ. ಕಲ್ಲು ಸಿಡಿದು ಕಾರಿನ ಮುಂದಿನ ಗಾಜಿಗೆ ಪೆಟ್ಟು ಬಿತ್ತೆಂದರೆ ಜನ ಹುಡುಕಿಕೊಂಡು ಬರುವುದು ಅವನನ್ನೇ. ಪೆಟ್ಟಾದ ಜಾಗಕ್ಕೆ ಅಂಟು ತುಂಬಿಸಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಬಟ್ಟೆಯಲ್ಲಿ ಒರೆಸಿ, “ಎಲ್ಲಿತ್ತು ಹೇಳಿ ನೋಡೋಣ” ಅನ್ನುತ್ತಾನೆ. ಕಾರಿನವರು ಬಗ್ಗಿ ಬಗ್ಗಿ ನೋಡಿ, ಏನೂ ಕಾಣದೆ, ಬಾಯಿ ಬಿಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆ ಬಿಟ್ಟ ಬಾಯಿಗಳನ್ನು ನೋಡಿ ನೋಡಿ ನನಗೆ ಸಾಕಾಗಿ ಹೋಗಿದೆ.

ನಾನು ಅದೇ ಶೆಡ್ಡಿನ ಇನ್ನರ್ಧದಲ್ಲಿ ಹೊಸ ಗಾಜು ಕೂರಿಸುವವನು. ಯಾವ ಗಾಡಿ ಬಂದರೂ ಮೊದಲು ಅಣ್ಣ ನೋಡಬೇಕು, ಅದು ನಮ್ಮಲ್ಲಿನ ಪದ್ಧತಿ. ಪೆಟ್ಟಿನ ಮೇಲೆ ಒಂದು ನಾಣ್ಯ ಇಡುತ್ತಾನೆ. ನಾಣ್ಯದಡಿ ಮುಚ್ಚಿಹೋದರೆ ರಿಪೇರಿ, ಅವನ ಪಾಲು. ಹೊರಗೆ ಚಾಚಿದರೆ ಗಾಜೇ ಬದಲು, ನನ್ನ ಪಾಲು. ಅಂದರೆ ಡಾಕ್ಟರು ಕೈಚೆಲ್ಲಿದ ಮೇಲೆ ಹೆಣ ಹೊರುವವನು ನಾನು! ಹಳೆ ಗಾಜಿನ ಸುತ್ತ ತಂತಿ ಆಡಿಸಿ ಅಂಟು ಕೊಯ್ದು, ಹೊಸದನ್ನು ಒಂದಿಷ್ಟೂ ವಾರೆಯಾಗದಂತೆ ಕೂರಿಸುವುದು ಮಕ್ಕಳಾಟವಲ್ಲ. ಎಂಥ ಮಳೆಗೂ ಒಂದು ಹನಿ ಒಳಗೆ ಬರಬಾರದು. ಇವತ್ತಿನವರೆಗೆ ಬಂದಿಲ್ಲ. ಅದಕ್ಕೆ ಯಾರಾದರೂ ಬಾಯಿ ಬಿಟ್ಟಿದ್ದುಂಟೇ? ಕೆಲಸ ಚೆನ್ನಾಗಿದ್ದರೆ ಗಾಜೇ ಕಾಣುವುದಿಲ್ಲ, ಇನ್ನು ಕೂರಿಸಿದವನೆಲ್ಲಿ ಕಾಣಬೇಕು.

ಮನೆಗೆ ಹೋದರೂ ಅದೇ ಹಾಡು. “ದೊಡ್ಡವನು ಉಳಿಸ್ತಾನೆ, ಚಿಕ್ಕವನು ಕಿತ್ತು ಬಿಸಾಕ್ತಾನೆ” ಅಂತ ಅಮ್ಮ ನೆಂಟರೆದುರು ನಗುತ್ತಾಳೆ. ಒಂದು ಸಲ ನನ್ನ ಹೆಂಡತಿಯ ಕನ್ನಡಕದ ಕಡ್ಡಿ ಮುರಿಯಿತು. ಪಕ್ಕದಲ್ಲೇ ನಾನು ಗೂಟದ ಹಾಗೆ ಕೂತಿದ್ದೇನೆ. “ಭಾವನಿಗೆ ಕೊಟ್ಟು ಬರ್ತೀನಿ, ಅವರ ಕೈಗುಣ ಚೆನ್ನಾಗಿದೆ” ಅಂದು ಎದ್ದು ಹೋದಳು. ಆವತ್ತು ಊಟ ಬೇಡವೆಂದೆ, ಹೊಟ್ಟೆ ಸರಿಯಿಲ್ಲ ಎಂದೆ. ಸುಳ್ಳೇನಲ್ಲ, ಹೊಟ್ಟೆ ಧಗಧಗ ಉರಿಯುತ್ತಿತ್ತು.

ಹೋಗಲಿ, ಅವನು ಕೆಟ್ಟವನಾದರೂ ಆಗಿದ್ದರೆ! ಕುಡುಕನೋ ಮೈಗಳ್ಳನೋ ಆಗಿದ್ದರೆ ನಾನು ಹಾಯಾಗಿರುತ್ತಿದ್ದೆ. ಚಹಾ ಬಂದರೆ ತುಂಬಿದ ಲೋಟ ನನ್ನ ಕಡೆ ತಳ್ಳುತ್ತಾನೆ. ಗಾಜು ಹೊರುವಾಗ ಭಾರದ ತುದಿಯನ್ನು ತಾನು ಹಿಡಿಯುತ್ತಾನೆ. ಅಂಥವನನ್ನು ಬಾಯ್ತುಂಬ ಬೈಯಲೂ ಆಗುವುದಿಲ್ಲ. ನನಗೆ ಬೇಕಿದ್ದುದು ಇಷ್ಟೇ: ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅವನನ್ನು ದಾಟಿಕೊಂಡು ಸೀದಾ ನನ್ನ ಹತ್ತಿರ ಬಂದು ಕೇಳಬೇಕು.

ಹೋದ ವರ್ಷ ಒಂದು ಬೆಳಗ್ಗೆ ಟ್ಯಾಕ್ಸಿಯವನೊಬ್ಬ ಬಂದ.

“ರಿಪೇರಿ ಆಗತ್ತಾ, ಬದಲಾಯಿಸ್ಬೇಕಾ, ಡಾಕ್ಟ್ರೇ? ಸಂಜೆ ಅಪ್ಪನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ ಬರ್ಬೇಕು. ಗಾಡಿ ಇವತ್ತೇ ಬೇಕು.”

ಅಣ್ಣ ನಾಣ್ಯ ಇಟ್ಟ. ಪೆಟ್ಟು ಪೂರ್ತಿ ಮುಚ್ಚಿತು. ಉಗುರಿನಿಂದ ಒಮ್ಮೆ ಸವರಿ ನೋಡಿದ.

“ಆಗತ್ತೆ. ಬದಲಾಯಿಸೋದು ದಂಡ. ಅರ್ಧ ಗಂಟೆ ಕೂತ್ಕೊಳ್ಳಿ.”

ನಾನು ನನ್ನ ಕಡೆ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ. ಬಾಗಿಲಿನ ಬಿಸಿಲು ಗಾಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನಲ್ಲಿ ನನಗೆ ಕಂಡಿತು: ನಾಣ್ಯದಡಿಯಿಂದ ಕೂದಲೆಳೆಯಂಥ ಒಂದು ಗೆರೆ ಹೊರಟು ಗಾಜಿನ ಅಂಚಿನ ಕಪ್ಪು ಪಟ್ಟಿಯವರೆಗೂ ಹೋಗಿದೆ. ಅಂಚು ಮುಟ್ಟಿದ ಬಿರುಕಿಗೆ ಎಷ್ಟು ಅಂಟು ತುಂಬಿದರೂ ನಿಲ್ಲುವುದಿಲ್ಲ, ಒಂದು ಗುಂಡಿ ಸಿಕ್ಕರೆ ಸಾಕು, ಉದ್ದಕ್ಕೂ ಓಡುತ್ತದೆ. ಅಣ್ಣ ನಿಂತ ಕಡೆಯಿಂದ ಅದು ಕಾಣುವಂತಿರಲಿಲ್ಲ. ‘ಈ ಕಡೆಯಿಂದ ನೋಡಣ್ಣಾ’ ಎಂದಿದ್ದರೆ ಮುಗಿದಿತ್ತು. ಬಾಯಿಗೂ ಬಂದಿತ್ತು.

ಅಷ್ಟರಲ್ಲಿ ಟ್ಯಾಕ್ಸಿಯವನು ನನ್ನ ಕಡೆ ನೋಡಿ ನಕ್ಕ. “ಸದ್ಯ, ನೀವಿದ್ರಿ ಡಾಕ್ಟ್ರೇ. ಇವರ ಕೈಗೆ ಸಿಕ್ಕಿದ್ರೆ ಗಾಜೇ ಕಿತ್ತುಹಾಕ್ತಿದ್ರು.”

ಬಂದ ಮಾತನ್ನು ನುಂಗಿಕೊಂಡೆ. ಮಾಡಲಿ, ನಾಳೆ ಬಯಲಾಗುತ್ತದೆ ಡಾಕ್ಟರ ಬಂಡವಾಳ ಅಂದುಕೊಂಡೆ. ಅಣ್ಣ ದೀಪ ಹಿಡಿದ. ನಾನು ಹೊರಗೆ ಹೋಗಿ ಚಹಾ ಕುಡಿದೆ. ನಿಜ ಹೇಳುತ್ತೇನೆ, ಖುಷಿಯಾಗಿತ್ತು.

ಮಾರನೇ ದಿನ ಟ್ಯಾಕ್ಸಿ ಬಂದಾಗ ಬಿರುಕು ಈ ತುದಿಯಿಂದ ಆ ತುದಿಗೆ ಓಡಿತ್ತು. ಅವನು ಇಳಿಯುವ ಮೊದಲೇ ಕೂಗಾಟ ಶುರುವಾಯಿತು. ಹಿಂದಿನ ದಿನ ಮುಸ್ಸಂಜೆ ಆಸ್ಪತ್ರೆಯಿಂದ ಬರುವಾಗ, ಎದುರಿನ ಗಾಡಿಯ ಬೆಳಕು ಬಿರುಕಿಗೆ ಬಿದ್ದು ಕಣ್ಣು ಕೋರೈಸಿದೆ. ಗಾಡಿ ಪಕ್ಕದ ಚರಂಡಿಗೆ ಇಳಿದಿದೆ. ಹಿಂದಿನ ಸೀಟಿನಲ್ಲಿದ್ದ ಅಪ್ಪನ ಆಪರೇಷನ್ನಿನ ಹೊಲಿಗೆ ಬಿಚ್ಚಿ, ಬಂದ ದಾರಿಯಲ್ಲೇ ತಿರುಗಿ ಆಸ್ಪತ್ರೆ ಸೇರಿದ್ದಾರೆ.

“ನಮ್ಮಪ್ಪ ಉಳಿದಿದ್ದೇ ಹೆಚ್ಚು! ಯಾವ ಸೀಮೆ ಡಾಕ್ಟ್ರಯ್ಯಾ ನೀನು?”

ಅಣ್ಣನ ಮುಖ ಬಿಳುಚಿಕೊಂಡಿತು. “ತಪ್ಪು ನಂದೇ. ಸರಿಯಾಗಿ ನೋಡ್ಲಿಲ್ಲ ನಾನು” ಅಂದ. ಬೀದಿಯ ಜನ ಸೇರಿದ್ದರು. ಟ್ಯಾಕ್ಸಿಯವನು ಅವನನ್ನು ಅಲ್ಲಿಗೇ ಬಿಟ್ಟು, ದಾಟಿಕೊಂಡು, ಸೀದಾ ನನ್ನ ಹತ್ತಿರ ಬಂದ.

“ನೀವ್ ಹೇಳಿ. ನೀವೂ ಇಲ್ಲೇ ನಿಂತಿದ್ರಲ್ಲ. ನಿಮಗಾದ್ರೂ ಕಾಣ್ಲಿಲ್ವಾ?”

ನಾನು ಬಗ್ಗಿ ತಂತಿ ಸುತ್ತತೊಡಗಿದೆ. ಅಣ್ಣ ಬಂದು ನಮ್ಮಿಬ್ಬರ ನಡುವೆ ನಿಂತ. ಅವನು ಗಿರಾಕಿಯ ಮೇಲೆ ದನಿ ಏರಿಸಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

“ನನ್ನನ್ನ ಏನ್ ಬೇಕಾದ್ರೂ ಅನ್ನಿ, ಕೇಳ್ತೀನಿ. ಅವನ ಸುದ್ದಿಗೆ ಮಾತ್ರ ಹೋಗ್ಬೇಡಿ. ಕಂಡಿದ್ರೆ ಹೇಳ್ದೆ ಇರ್ತಿದ್ನಾ? ನನ್ನ ತಮ್ಮ ಅಂಥೋನಲ್ಲ.”

ಆ ಟ್ಯಾಕ್ಸಿಗೆ ನಾನೇ ಹೊಸ ಗಾಜು ಕೂರಿಸಿದೆ. ತಂತಿ ಜಾರಿ ಬೆರಳು ಕೊಯ್ದಿತು. ಅಣ್ಣ ಓಡಿ ಬಂದು ಬಟ್ಟೆ ಸುತ್ತಿದ. ಟ್ಯಾಕ್ಸಿಯವನ ಅಪ್ಪ ಹದಿನೈದು ದಿನಕ್ಕೆ ಗುಣವಾಗಿ ಮನೆಗೆ ಹೋದರು ಅಂತ ಆಮೇಲೆ ಗೊತ್ತಾಯಿತು. ನೋಡಿ ಬಂದವನು ಅಣ್ಣ. ನನಗೆ ಹೋಗುವ ಮುಖವಿರಲಿಲ್ಲ.

ಈಗ ಯಾವ ಗಾಡಿ ಬಂದರೂ ಅವನು ನನ್ನನ್ನೇ ಕರೆಯುತ್ತಾನೆ. “ಮೊದ್ಲು ಇವನು ನೋಡ್ಲಿ. ಇವನು ಹೂಂ ಅಂದ್ರೆ ಮಾತ್ರ ನಾನು ಮುಟ್ಟೋದು” ಅಂತ ಬಂದವರಿಗೆಲ್ಲ ಹೇಳುತ್ತಾನೆ. ನಾನು ಆ ಕಡೆಯಿಂದ ನೋಡುತ್ತೇನೆ, ಈ ಕಡೆಯಿಂದ ನೋಡುತ್ತೇನೆ, ಮಂಡಿಯೂರಿ ನೋಡುತ್ತೇನೆ. ಆವತ್ತಿನ ವಿಷಯ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ! ಆದರೆ ಈಗ ಅಣ್ಣನ ಮೇಲಲ್ಲ. ‘ಅಂಥೋನಲ್ಲ’ ಎಂದು ಅವನು ಎದೆ ತಟ್ಟಿ ಹೇಳಿದನಲ್ಲ, ಆ ತಮ್ಮನ ಮೇಲೆ.