ಸೇತುವೆ ಫೇಲಾಗಲಿ ಎಂದುಕೊಂಡೆ

ಹೋದ ವಾರ ಎರಡು ದಿನ ನನ್ನದು ಒಂದೇ ಪ್ರಾರ್ಥನೆ. ದೊಡ್ಡಗಾಜನೂರು ದಾರಿಯ ಹಳೇ ಸೇತುವೆ ಪರೀಕ್ಷೆಯಲ್ಲಿ ಫೇಲಾಗಲಿ!

ಗಾಬರಿಯಾದಿರಾ? ಎಂಟು ವರ್ಷದಿಂದ ಆ ಸೇತುವೆಯನ್ನು ನೋಡಿಕೊಳ್ಳುತ್ತಿರುವ ಓವರ್ಸಿಯರ್ ನಾನೇ. (ನಮ್ಮ ಸಾಹೇಬರು ತಮಿಳರು, ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಮೂರು ವರ್ಷದ ಹಿಂದೆ ಅದರ ನಡುವಿನ ತೊಲೆಯ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡೆ. ರಿಪೋರ್ಟ್ ಬರೆದೆ. ಬಸ್ಸು, ಲಾರಿಗೆ ತಡೆ ಬಿತ್ತು. ಆಚೆಯ ಊರಿನವರು ಮೂಟೆ ಹೊತ್ತು ನಡೆದರು, ನನ್ನನ್ನು ಬೈದರು. ನಾನು ಜಗ್ಗಲಿಲ್ಲ. ಜೀವ ಉಳಿಸಿದ್ದೇನೆ ಎಂಬ ಜಂಬ ಬೇರೆ.

ಈಗ ಭಾರ ಹೇರಿ ಸೇತುವೆಯ ತಾಕತ್ತು ನೋಡಲು ಮದ್ರಾಸಿನಿಂದ ಎಂಜಿನಿಯರ್ ಬಂದರು. ದಿಂಬಂ ಘಾಟಿ ಹತ್ತಿ ಬಂದ ಜೀಪಿನಿಂದ ಇಳಿದದ್ದು ಯಾರು? ಗುರುಸ್ವಾಮಿ! ತಾಳವಾಡಿ ಸ್ಕೂಲಿನಲ್ಲಿ ನನ್ನ ಬೆಂಚಿನವನು. ನನ್ನ ಸ್ಲೇಟು ನೋಡಿ ಲೆಕ್ಕ ಮಾಡುತ್ತಿದ್ದವನು. ನಾನು ಡಿಪ್ಲೊಮಾಗೇ ನಿಂತೆ, ಅವನು ಬಿ.ಇ. ಮಾಡಿದ. ಕೂಲಿಂಗ್ ಗ್ಲಾಸ್ ಬೇರೆ!

"ಏನ್ಲಾ ಮಾದೇವ, ಚೆಂದಾಗಿದ್ದಿಯಾ?" ಎಂದು ಹೆಗಲ ಮೇಲೆ ಕೈ ಹಾಕಿದ.

"ಚೆನ್ನಾಗಿದ್ದೀನಿ ಸಾರ್" ಅಂದೆ. ಚುಚ್ಚಲಿ ಅಂತಲೇ ಅಂದೆ. ಅವನು ನಕ್ಕುಬಿಟ್ಟ.

ಪರೀಕ್ಷೆ ಸರಳ. ತೊಲೆಗಳ ಅಡಿಗೆ ಗಡಿಯಾರದಂಥ ಡಯಲ್ ಗೇಜು ಕಟ್ಟುತ್ತಾರೆ. ಜಲ್ಲಿ ತುಂಬಿದ ಲಾರಿಗಳನ್ನು ಒಂದೊಂದಾಗಿ ತಂದು ಸೇತುವೆಯ ನಡುವೆ ನಿಲ್ಲಿಸುತ್ತಾರೆ. ತೊಲೆ ಎಷ್ಟು ಬಾಗಿತೆಂದು ಮುಳ್ಳು ತೋರಿಸುತ್ತದೆ. ಮರುದಿನ ಲಾರಿ ತೆಗೆದಾಗ, ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ತೊಲೆ ವಾಪಸ್ ಬರಬೇಕು. ಬಂದರೆ ಪಾಸ್.

ಗೇಜು ಓದುವ ಕೆಲಸ ನನಗೇ ಬಂತು. ಹಳ್ಳದಲ್ಲಿ ಅಟ್ಟಣೆಯ ಮೇಲೆ ನಾನು, ಸೇತುವೆ ಮೇಲೆ ಪುಸ್ತಕ ಹಿಡಿದು ಅವನು. ಊರಿನವರೆಲ್ಲ ಅವನ ಸುತ್ತ! ಉರಿಯದೆ ಇರುತ್ತದೆಯೇ ಹೊಟ್ಟೆ?

ಲಾರಿಗಳು ನಿಂತಾಗ ಬಿರುಕಿನ ತೊಲೆಯ ಮುಳ್ಳು ಇನ್ನೂರ ನಲವತ್ತು ಗೆರೆ ಓಡಿತ್ತು. ಮರುದಿನ ಲಾರಿ ತೆಗೆದರು. ಮುಳ್ಳು ಹಿಂದಕ್ಕೆ ಬಂತು. ಬರುತ್ತಲೇ ಇತ್ತು. ಅರವತ್ತರೊಳಗೆ ಬಂದರೆ ಸಾಕಿತ್ತು, ಮೂವತ್ತಕ್ಕೇ ಬಂದು ನಿಂತಿತು. ಸಲೀಸಾಗಿ ಪಾಸ್. ಅಂದರೆ ಮೂರು ವರ್ಷ ಜನರನ್ನು ಸುಮ್ಮನೆ ನಡೆಸಿದೆನಾ? ಅದನ್ನು ಇವನ ಬಾಯಲ್ಲಿ ಕೇಳಬೇಕಾ?

"ಎಷ್ಟ್ಲಾ?" ಎಂದು ಮೇಲಿನಿಂದ ಕೂಗಿದ.

"ತೊಂಬತ್ತು" ಅಂದೆ.

ಫೇಲಾಗಲು ಅಷ್ಟು ಸಾಕು.

ಮೇಲಿನಿಂದ ಆಚೆಯೂರಿನ ಪುಟ್ಟಮ್ಮಜ್ಜಿಯ ದನಿ ಕೇಳಿಸಿತು. ಹೋದ ಮಳೆಗಾಲ ಹೆರಿಗೆ ನೋವಿನ ಸೊಸೆಯನ್ನು ಮಂಚದಲ್ಲಿ ಹೊರಿಸಿಕೊಂಡು ಇದೇ ಸೇತುವೆ ದಾಟಿದವರು. "ಬಸ್ಸು ಬತ್ತದಾ ಸಾಮಿ?"

"ಅದ ಮಾದೇವನೇ ಏಳ್ಬೇಕು ಕಣವ್ವ" ಎಂದ ಗುರುಸ್ವಾಮಿ. ಮತ್ತೆ ನನ್ನತ್ತ ಬಗ್ಗಿ, "ಇನ್ನೊಂದ್ಸಲ ನೋಡ್ಲಾ. ಬಿಸ್ಲು ಒಡೀತಾ ಅದ, ಕಣ್ಣು ಮಂಜಾಗಿರ್ಬೌದು."

ಸೇತುವೆಯ ಅಡಿಯಲ್ಲಿ ಎಲ್ಲಿಯ ಬಿಸಿಲು? ಇಳಿದು ಬಂದು ತಾನೇ ನೋಡಬಹುದಿತ್ತು. ಬರಲಿಲ್ಲ.

"ಮೂವತ್ತು" ಅಂದೆ. ಮೇಲಕ್ಕೆ ಕೇಳಿಸಲಿಲ್ಲ. ಎರಡನೇ ಸಲ ಕೂಗಬೇಕಾಯಿತು.

ಬಸ್ಸು ಬಿಡಬಹುದೆಂದು ಅವನು ಅಲ್ಲೇ ಬರೆದ. ನಾನು ಮೇಲೆ ಹತ್ತುವಷ್ಟರಲ್ಲಿ ಒಬ್ಬ ಶುರುಮಾಡಿದ್ದ: "ಮೂರೊರ್ಸ ನಡೆಸ್ಬುಟ್ಟಲ್ಲಾ ಮಾದೇವ!"

ಗುರುಸ್ವಾಮಿ ಅವನನ್ನು ತಡೆದ. "ಬಿರುಕು ಕಂಡ್ಮೇಲೆ ಸುಮ್ನೆ ಬಸ್ ಬುಡಕಾಯ್ತದಾ? ವರ್ಸವರ್ಸ ನೀರೋಗೋ ತೂತ್ನ ಕಸ್ವೆಲ್ಲ ತೆಗ್ಸವ್ನ ಇವ್ನು. ಅದ್ಕೇ ಒಳಗಿನ ಕಬ್ಬಿಣ ತುಕ್ಕಿಡ್ದಿಲ್ಲ. ಸೇತ್ವೆ ಉಳ್ಸಿರೋನೇ ಇವ್ನು ಕಣಪ್ಪ."

ಪುಟ್ಟಮ್ಮಜ್ಜಿ ನನ್ನ ಕೈ ಹಿಡಿದುಕೊಂಡರು. ನಾನು ನೆಲ ನೋಡಿದೆ.

ಆ ತೊಂಬತ್ತರ ಮಾತನ್ನು ಅವನು ಎತ್ತಲೇ ಇಲ್ಲ. ಜೀಪು ಹತ್ತುವಾಗಲೂ ಇಲ್ಲ. ಹೊಟ್ಟೆಯುರಿ ಆರಿತೇ ಎನ್ನುತ್ತೀರಾ? ಎಲ್ಲಿ ಸ್ವಾಮಿ, ಇನ್ನೂ ಜಾಸ್ತಿಯಾಗಿದೆ.

ನನಗಿಂತ ಬುದ್ಧಿವಂತನಾದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗಿಂತ ಒಳ್ಳೆಯವನೂ ಆಗಬೇಕಿತ್ತೇ?