ಮಾತು ಕಡಿಯದಂತೆ ಕಾಯುವ ಝುಹ್ರಾ

ಪುತ್ತೂರಿನ ದರ್ಬೆಯಲ್ಲಿ ಹೋಟೆಲುಗಳು ಇನ್ನೂ ಬಾಗಿಲು ತೆಗೆದಿಲ್ಲ. ಮುಂಜಾನೆಯ ಸುಬಹಿ ನಮಾಜು ಮುಗಿಸಿ ಕೆದಂಬಾಡಿಯಿಂದ ಸ್ಕೂಟರಿನಲ್ಲಿ ಬಂದ ಫಾತಿಮತ್ ಝುಹ್ರಾ ಮಹಡಿಯ ಸಣ್ಣ ಕೋಣೆಯ ಬೀಗ ತೆಗೆಯುತ್ತಾರೆ. ಕಿವಿಗೆ ಮೊಬೈಲ್ ಒತ್ತಿಕೊಂಡಿದೆ. ಆ ತುದಿಯಲ್ಲಿ ಅವರ ತಾಯಿ, ಉಮ್ಮ ಸಾರಮ್ಮ, ನೆರೆಮನೆಯ ಕೋಳಿ ತಮ್ಮ ಬಸಳೆ ಚಪ್ಪರಕ್ಕೆ ನುಗ್ಗಿದ ಪುರಾಣವನ್ನು ಬ್ಯಾರಿ ಭಾಷೆಯಲ್ಲಿ ಬಿಚ್ಚಿಡುತ್ತಿದ್ದಾರೆ. ಝುಹ್ರಾ ಹೂಂಗುಟ್ಟುತ್ತಲೇ ಕಪಾಟಿನೊಳಗೆ ಕೈ ಹಾಕಿ ರೂಟರಿನ ಸ್ವಿಚ್ ಆರಿಸುತ್ತಾರೆ. ಮೂರು ತಾಲೂಕುಗಳ ಸಾವಿರಾರು ಮನೆಗಳ ಇಂಟರ್ನೆಟ್ ಹಾದುಹೋಗುವುದು ಇದೇ ಪೆಟ್ಟಿಗೆಯಲ್ಲಿ ಎಂದು ನಾನು ಆಗಷ್ಟೇ ಕೇಳಿದ್ದೆ. ಉಮ್ಮ ಮಾತಾಡುತ್ತಿರುವುದೂ ಝುಹ್ರಾ ಕೆಲಸ ಮಾಡುವ ಇದೇ ಇಂಟರ್ನೆಟ್ ಕಂಪೆನಿಯ ವೈಫೈಯಲ್ಲಿ. ಆದರೂ ಕೋಳಿ ಪುರಾಣ ಒಂದಕ್ಷರ ತಪ್ಪದೆ ಮುಂದುವರಿಯುತ್ತದೆ.

ಕಾರಣ, ರಸ್ತೆಯ ಆಚೆ ಬದಿಯಲ್ಲಿ ಹಸನಬ್ಬರ ದಿನಸಿ ಅಂಗಡಿಯ ಗೋದಾಮಿನಲ್ಲಿ ಇನ್ನೊಂದು ರೂಟರ್ ಇದೆ. ಒಂದು ಕಟ್ಟಡಕ್ಕೆ ಸಿಡಿಲು ಬಡಿದರೆ ಇನ್ನೊಂದಾದರೂ ಉಳಿಯಲಿ ಎಂದು ಮಾಡಿದ ವ್ಯವಸ್ಥೆ. ಇದು ಬಿದ್ದರೆ ಅದು ಏಳುತ್ತದೆ. ಹಾಗಿದ್ದರೆ ಝುಹ್ರಾ ಅವರಿಗೆ ಏನು ಕೆಲಸ ಎಂದು ನಾನೂ ಕೇಳಿದೆ.

"ಬಸ್ಸಿನ ಕಂಡಕ್ಟರ್ ಅರ್ಧ ದಾರಿಯಲ್ಲಿ ಇಳಿದು ಬೇರೆಯವರು ಹತ್ತಿದ್ರು ಅಂತ ಇಟ್ಕೊಳ್ಳಿ. ಯಾರನ್ನು ಹತ್ತಿಸ್ಬೇಕು, ಯಾರನ್ನು ಹತ್ತಿಸ್ಬಾರದು ಅಂತ ಅವರಿಗೂ ಗೊತ್ತಿರ್ಬೇಕು. ಅದು ಫೈರ್‌ವಾಲ್‌ನ, ಅಂದ್ರೆ ರೂಟರಿನ ಕಾವಲುಗಾರನ ನಿಯಮ. ಅಷ್ಟೇ ಸಾಕಾಗುದಿಲ್ಲ. ಯಾರು ಟಿಕೆಟ್ ಮಾಡಿ ಕೂತಿದ್ದಾರೆ ಅಂತಲೂ ಗೊತ್ತಿರ್ಬೇಕು. ಇಲ್ಲದಿದ್ರೆ ಕೂತವರನ್ನೆಲ್ಲ ಇಳಿಸಿಬಿಡ್ತಾರೆ."

ಮೊದಲ ರೂಟರಿಗೆ ತಿಳಿದದ್ದೆಲ್ಲ, ನಡೆಯುತ್ತಿರುವ ಪ್ರತಿಯೊಂದು ಮಾತುಕತೆಯೂ ಸೇರಿ, ಆ ಕ್ಷಣವೇ ಎರಡನೆಯದಕ್ಕೂ ತಿಳಿಯಬೇಕು. ಅದಕ್ಕೆಂದೇ ಎರಡರ ನಡುವೆ ಒಂದು ತೆಳ್ಳಗಿನ ಕೇಬಲ್ ರಸ್ತೆ ದಾಟಿ ಹೋಗಿದೆ. ಪರೀಕ್ಷೆಗೆ ಬೇರೆ ಉಪಾಯಗಳಿದ್ದರೂ ಝುಹ್ರಾ ಅವರ ನಂಬಿಕೆ ಉಮ್ಮನ ಮೇಲೆ. ಅರ್ಧ ಹೇಳಿದ ಕತೆ ಕಡಿಯದಿದ್ದರೆ ಎಲ್ಲ ಸರಿ ಇದೆ ಎಂದು ಲೆಕ್ಕ.

ಮುಂಜಾವದ ಹೊತ್ತಿಗೂ ಕಾರಣವಿದೆ. ಗಲ್ಫಿಗೆ ದುಡಿಯಲು ಹೋದ ಊರವರು ಆಗ ಗಾಢ ನಿದ್ದೆಯಲ್ಲಿರುತ್ತಾರೆ, ಮನೆಗೆ ಕರೆ ಮಾಡುವುದಿಲ್ಲ. ನೆಟ್ಟಿನಲ್ಲಿ ಲೆಕ್ಕ ಬರೆಯುವ ಹಾಲಿನ ಸೊಸೈಟಿಗಳು ಇನ್ನೂ ತೆರೆದಿರುವುದಿಲ್ಲ. ಅವರು ಏಳುವುದರೊಳಗೆ, ಇವರು ಹಾಲು ಅಳೆಯುವುದರೊಳಗೆ ಝುಹ್ರಾ ಕೆಲಸ ಮುಗಿಸುತ್ತಾರೆ. ಇಂಥ ಸಮಯ ಯಾವ ಪಠ್ಯಪುಸ್ತಕದಲ್ಲೂ ಸಿಗದು, ಈ ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುತ್ತದೆ.

ಮಾತು ಅರ್ಧಕ್ಕೆ ಕಡಿಯುವುದೆಂದರೇನು ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಚಿಕ್ಕವರಿದ್ದಾಗ ತಂದೆ ಅಬ್ದುಲ್ಲ ಜಿದ್ದಾದಲ್ಲಿದ್ದರು. ಶುಕ್ರವಾರ ಊರಿನ ಅಂಗಡಿಯೊಂದರ ಫೋನಿಗೆ ಬರುತ್ತಿದ್ದ ಅವರ ಕರೆ ಮಕ್ಕಳ ಸರದಿ ಬರುವ ಮೊದಲೇ ಎಷ್ಟೋ ಸಲ ನಿಂತುಹೋಗುತ್ತಿತ್ತು. ಡಿಪ್ಲೊಮಾ ಮುಗಿಸಿದ ಝುಹ್ರಾ ಈ ಕಂಪೆನಿಗೆ ಸೇರಿದ್ದು ಗ್ರಾಹಕರ ಬೈಗುಳ ಕೇಳುವ ಕೆಲಸಕ್ಕೆ. ಬೈಯುವವರಿಗೆ ಸಮಾಧಾನ ಹೇಳುತ್ತಾ ಹೇಳುತ್ತಾ, ನೆಟ್ ಯಾಕೆ ಹೋಯಿತೆಂದು ತಾವೇ ಹುಡುಕತೊಡಗಿದರು. ಮಾಲೀಕರಾದ ಸುಳ್ಯದ ಹರಿಪ್ರಸಾದ್ ಒಂದು ದಿನ ಕಪಾಟಿನ ಬೀಗದ ಕೈಯನ್ನೇ ಕೊಟ್ಟರು.

ಮೂರು ವರ್ಷದ ಹಿಂದೆ ಮಳೆಗಾಲ ಹಿಡಿಯುವ ಹೊತ್ತಿಗೆ ನಡೆದದ್ದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತದೆ. ಗುಡುಗು ಕೇಳಿದೊಡನೆ ಪ್ಲಗ್ ಎಳೆಯುವುದು ನಮ್ಮ ಕಡೆಯವರ ರಕ್ತದಲ್ಲೇ ಬಂದದ್ದು. ಟಿವಿ, ಫ್ರಿಜ್ಜು, ಮಿಕ್ಸಿ ಯಾವುದನ್ನೂ ಬಿಡುವುದಿಲ್ಲ. ಆ ಮಧ್ಯಾಹ್ನ ಗುಡುಗಿದಾಗ ಹಸನಬ್ಬ ಮನೆಯ ಪ್ಲಗ್ ಎಳೆದರು, ಅಂಗಡಿಯದ್ದೂ ಎಳೆದರು. ಕೊನೆಗೆ, ಪಾಪ ಝುಹ್ರಾಳ ಪೆಟ್ಟಿಗೆ ಹಾಳಾಗುವುದು ಬೇಡ ಎಂದು ಕೈಗೆ ಸಿಕ್ಕಿದ ಆ ತೆಳ್ಳಗಿನ ಕೇಬಲನ್ನೂ ಎಳೆದಿಟ್ಟರು. ಮೊದಲ ರೂಟರ್ ಓಡುತ್ತಲೇ ಇದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ.

ಅದೇ ಮಧ್ಯಾಹ್ನ ಸಂಪಾಜೆಯ ಕಡೆ ಮರ ಬಿದ್ದು, ಮಣ್ಣು ಜರಿದು ರಸ್ತೆ ಬಂದ್ ಆಯಿತು. ಹುಲ್ಲು ಕೊಯ್ಯುತ್ತಿದ್ದ ಪೂವಮ್ಮ ಎಂಬವರಿಗೆ ಹಾವು ಕಚ್ಚಿತ್ತು. ಅಲ್ಲಿನ ಪುಟ್ಟ ಆಸ್ಪತ್ರೆಯಲ್ಲಿದ್ದದ್ದು ನರ್ಸ್ ಮೋಕ್ಷಿತಾ ಒಬ್ಬರೇ. ಪುತ್ತೂರಿನ ಡಾಕ್ಟರ ಜೊತೆ ವೀಡಿಯೋದಲ್ಲಿ ಮಾತಾಡಬೇಕೆಂದು ಕೇಳಿದಾಗ ಝುಹ್ರಾ ಕೂಡಲೇ ಹೊಸ ನಿಯಮ ಹಾಕಿ ದಾರಿ ಮಾಡಿಕೊಟ್ಟರು. ಕೇಬಲ್ ಇಲ್ಲದ ಕಾರಣ ಅದು ಎರಡನೇ ರೂಟರಿಗೆ ತಲುಪಲೇ ಇಲ್ಲ. ಡಾಕ್ಟರ್ ಹೇಳಿದಂತೆ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟಾಯಿತು. ಅದು ಒಗ್ಗದೆ ಪೂವಮ್ಮನ ಮೈ ನಡುಗತೊಡಗಿತು, ಉಸಿರು ಸಿಕ್ಕಿಕೊಂಡಿತು. ಈಗೇನು ಮಾಡಬೇಕು ಎಂದು ಮೋಕ್ಷಿತಾ ಕೇಳುತ್ತಿರುವಾಗಲೇ ದರ್ಬೆಯಲ್ಲಿ ಸಿಡಿಲು ಬಡಿದು ಮೊದಲ ರೂಟರ್ ಸುಟ್ಟಿತು. ಬ್ಯಾಟರಿಯಲ್ಲಿದ್ದ ಎರಡನೆಯದು ಎದ್ದಿತು. ಅದಕ್ಕೆ ಆ ಕರೆಯೂ ಗೊತ್ತಿಲ್ಲ, ಹೊಸ ನಿಯಮವೂ ಗೊತ್ತಿಲ್ಲ. ಮೋಕ್ಷಿತಾ ಎಷ್ಟು ಸಲ ಕರೆ ಮಾಡಿದರೂ ಒಳಗೆ ಬಿಡಲಿಲ್ಲ. ಸಂಪಾಜೆಯಲ್ಲಿ ಕರೆಂಟ್ ಹೋಗಿ ಮೊಬೈಲ್ ಟವರೂ ಸತ್ತಿತ್ತು.

ಝುಹ್ರಾ ಮಳೆಯಲ್ಲೇ ರಸ್ತೆ ದಾಟಿ ಓಡಿ, ನೇತಾಡುತ್ತಿದ್ದ ಕೇಬಲ್ ಕಂಡು, ನಿಯಮವನ್ನು ಮತ್ತೆ ಟೈಪ್ ಮಾಡುವಾಗ ಅರ್ಧ ಗಂಟೆ ಕಳೆದಿತ್ತು. ಅಷ್ಟು ಹೊತ್ತು ಮೋಕ್ಷಿತಾ ಒಬ್ಬರೇ, ತಮಗೆ ಗೊತ್ತಿದ್ದ ಮದ್ದು ಕೊಟ್ಟು, ರೋಗಿಯ ಕೈ ಬಿಡದೆ ಕೂತಿದ್ದರು. ಪೂವಮ್ಮ ಉಳಿದರು. ಆ ಅರ್ಧ ಗಂಟೆಯ ಬಗ್ಗೆ ಮೋಕ್ಷಿತಾ ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅವರು ನನ್ನ ಮುಖ ನೋಡ್ತಿದ್ರು. ನಾನು ಫೋನ್ ನೋಡ್ತಿದ್ದೆ."

ಹಸನಬ್ಬ ವಾರಗಟ್ಟಲೆ ಝುಹ್ರಾ ಅವರ ಎದುರು ಬರಲು ನಾಚಿದರಂತೆ. ಝುಹ್ರಾ ಅವರ ತೀರ್ಪೇ ಬೇರೆ. "ಹಸನಬ್ಬಾಕ ಒಳ್ಳೇದಕ್ಕೇ ಮಾಡಿದ್ದು. ಕೈಗೆ ಸಿಗುವಲ್ಲಿ ಕೇಬಲ್ ಇಟ್ಟದ್ದು ನಾನು. ಅದು ತಪ್ಪಿದ್ರೆ ನನಗೆ ಗೊತ್ತಾಗುವ ಹಾಗೆ ಮಾಡದೇ ಇದ್ದದ್ದೂ ನಾನೇ."

ಈಗ ಕೇಬಲ್ ಪೈಪಿನೊಳಗಿದೆ, ಬೇರೆ ದಾರಿಯಲ್ಲಿ ಇನ್ನೊಂದು ಜೋಡಿಯೂ ಇದೆ. ಯಾವುದು ತಪ್ಪಿದರೂ ಅಂಗಡಿಯಲ್ಲಿ ಗಂಟೆ ಹೊಡೆಯುತ್ತದೆ, ಝುಹ್ರಾ ಅವರ ಫೋನಿಗೂ ಸುದ್ದಿ ಬರುತ್ತದೆ. ನಿಯಮ ಬರೆಯುವುದು ಒಂದೇ ಕಡೆ, ಎರಡೂ ರೂಟರಿನಲ್ಲಿ ಒಂದೇ ಆಗಿದೆಯೇ ಎಂದು ನೋಡದೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. ಮುಂಜಾವದ ಪರೀಕ್ಷೆ ಶುರುವಾದದ್ದೂ ಆಮೇಲೆಯೇ. ಓಡುವ ಗಾಡಿಯನ್ನು ದಿನಾ ನಿಲ್ಲಿಸುವುದು ಯಾಕೆಂದು ಹರಿಪ್ರಸಾದ್ ಮೊದಮೊದಲು ಗೊಣಗಿದರು, ಈಗ ಸುಮ್ಮನಾಗಿದ್ದಾರೆ. ಹಸನಬ್ಬ ಗುಡುಗು ಕೇಳಿದರೆ ಇಂದಿಗೂ ಮನೆಯ ಪ್ಲಗ್ ಎಳೆಯುತ್ತಾರೆ, ಆಮೇಲೆ ಝುಹ್ರಾಗೆ ಫೋನ್ ಮಾಡಿ "ನಿನ್ನದನ್ನು ಮುಟ್ಟಲಿಲ್ಲ" ಎಂದು ವರದಿ ಒಪ್ಪಿಸುತ್ತಾರೆ. ನನಗೆ ಈ ಇಬ್ಬರ ಮೇಲೂ ಪ್ರೀತಿ ಉಕ್ಕುತ್ತದೆ.

ಈ ಮಳೆಗಾಲದಲ್ಲಿ ಮತ್ತೆ ಸಂಪಾಜೆಯ ಘಾಟಿ ರಸ್ತೆ ಮುಚ್ಚಿತು. ಎದೆನೋವೆಂದು ಬಂದ ದೇರಣ್ಣ ಎಂಬ ಹಿರಿಯರನ್ನು ಮಲಗಿಸಿಕೊಂಡು ಮೋಕ್ಷಿತಾ ಡಾಕ್ಟರ ಜೊತೆ ಮಾತಾಡುತ್ತಿದ್ದರು. ನಡುವೆ ಸಿಡಿಲಿಗೆ ದರ್ಬೆಯ ಮೊದಲ ರೂಟರ್ ಮತ್ತೆ ನಿಂತಿತು. ಝುಹ್ರಾ ಕಾದು, ಮಾತು ಮುಗಿದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ನಡುವೆ ಏನಾದರೂ ತೊಂದರೆಯಾಯಿತೇ ಎಂದು ಕೇಳಿದರು. ಎಂತದ್ದೂ ಆಗಲಿಲ್ಲವಲ್ಲ, ಯಾಕೆ ಕೇಳುವುದು ಎಂದರಂತೆ ಮೋಕ್ಷಿತಾ. ದೇರಣ್ಣ ಆಗ ಕಾಫಿ ಕೇಳುತ್ತಿದ್ದರಂತೆ.

ರೂಟರ್ ನಿಂತದ್ದನ್ನು ಅವರಿಗೆ ಹೇಳಿದಿರಾ ಎಂದು ಕೇಳುತ್ತೇನೆ. ಝುಹ್ರಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಎಂತಕ್ಕೆ ಹೇಳುದು ಮಾರಾಯ್ರೆ? ಹೇಳಿದ್ರೆ ಮುಂದಿನ ಸಲ ಅವರ ಒಂದು ಕಣ್ಣು ನೆಟ್ಟಿನ ಲೈಟಿನ ಮೇಲೆ ಇರ್ತದೆ. ಎರಡು ಕಣ್ಣೂ ರೋಗಿಯ ಮೇಲೇ ಇರ್ಲಿ."

ನಾನು ಬರೆದರೆ ಅವರಿಗೆ ಹೇಗೂ ಗೊತ್ತಾಗುತ್ತದಲ್ಲ ಎನ್ನುತ್ತೇನೆ.

"ಹಾಗಾದ್ರೆ, ಲೈಟ್ ನೋಡುದು ನನ್ನ ಕೆಲಸ ಅಂತಲೂ ಬರೀರಿ."