ಮಾಳಿಗೆ ಕೋಣೆಯ ಸರ್ಚ್ ವಾರಂಟ್

ಮದುವೆಯಾಗಿ ರಿಯಾದ್‌ಗೆ ಬಂದ ಮೇಲೆ ನಾನು ಮೊದಲು ಕೆಲಸಕ್ಕೆ ಸೇರಿದ್ದು ಒಬ್ಬ ಸೌದಿ ವಕೀಲೆಯ ಕಚೇರಿಯಲ್ಲಿ. ಎರಡೇ ಕೋಣೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು ಮತ್ತು ಆಗಾಗ ಕೈಕೊಡುವ ಪ್ರಿಂಟರ್. ಕಕ್ಷಿದಾರರು ಅವರನ್ನು ಗೌರವದಿಂದ ‘ಉಸ್ತಾದಾ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಊರಿನ ಕಾಲೇಜಿನಲ್ಲಿ ಓದಿದ ಅರಬ್ಬಿಯ ಬಲದ ಮೇಲೆ ನಾನು ಅಲ್ಲಿ ಅನುವಾದಕಿಯಾಗಿದ್ದೆ. ಆ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಭಟ್ಕಳದ ಒಬ್ಬ ಅತ್ತರು ವ್ಯಾಪಾರಿ.

ಸಾಹೇಬರೆಂದೇ ನಾನು ಕರೆಯುತ್ತಿದ್ದ ಅವರದು ಹಳೇ ಮಾರುಕಟ್ಟೆಯಲ್ಲಿ ಒಂದು ಅಂಗಡಿ. ಮೇಲಿನ ಮಾಳಿಗೆ ಕೋಣೆಯಲ್ಲೇ ವಾಸ. ನಕಲಿ ಸುಗಂಧದ್ರವ್ಯ ಇಟ್ಟಿದ್ದಾರೆಂದು ಯಾರೋ ದೂರು ಕೊಟ್ಟು, ಪೊಲೀಸರು ಬಂದು ಅಂಗಡಿಯನ್ನೂ ಕೋಣೆಯನ್ನೂ ಜಾಲಾಡಿ ಪೆಟ್ಟಿಗೆಗಟ್ಟಲೆ ಬಾಟ್ಲಿ ಒಯ್ದಿದ್ದರು. ನಮ್ಮ ಕಚೇರಿಗೆ ಬಂದವರು ನನ್ನ ಮಾತಿನಲ್ಲಿ ಕರಾವಳಿಯ ಧಾಟಿ ಕೇಳಿದ್ದೇ ತಡ, ಅರಬ್ಬಿ ಬಿಟ್ಟು ಕನ್ನಡಕ್ಕೆ ಹೊರಳಿದರು.

“ಅಂಗಡಿ ನೋಡಿದ್ದಕ್ಕೆ ನಂಗೆ ಬೇಜಾರಿಲ್ಲ ಮಗಳೇ. ಮೇಲೆ ಎಂತಕ್ಕೆ ಹತ್ತಿದ್ರು? ಅವಳ ಟ್ರಂಕ್ ಎಂತಕ್ಕೆ ತೆಗೆದ್ರು?”

ಅವಳೆಂದರೆ ತೀರಿಕೊಂಡ ಹೆಂಡತಿ. ಟ್ರಂಕಿನಲ್ಲಿ ಇದ್ದದ್ದು ಆಕೆಯ ಸೀರೆಗಳು.

ನಾನು ಅದನ್ನು ಅರಬ್ಬಿಯಲ್ಲಿ ಹೇಳಿದಾಗ ಉಸ್ತಾದಾ ಪೆನ್ನು ಕೆಳಗಿಟ್ಟರು. “ಅಂಗಡಿ ಬೇರೆ, ಮನೆ ಬೇರೆ. ಮನೆಗೆ ಪ್ರತ್ಯೇಕ ಅನುಮತಿ ಇತ್ತಾ? ಇದ್ದರೆ ತೋರಿಸಲಿ.”

ಮೊದಲ ವಿಚಾರಣೆಯಲ್ಲಿ ಅವರು ಇದನ್ನೇ ಕೇಳಿದರು. ವಾರಂಟ್ ಪಡೆದೇ ಹೋಗಿದ್ದೆವೆಂದು ವರದಿಯಲ್ಲಿದೆ, ಅಷ್ಟು ಸಾಕು ಎಂದರು ಸರ್ಕಾರಿ ವಕೀಲರು. “ಇತ್ತು ಎಂದು ಬರೆದುಬಿಟ್ಟರೆ ಅದು ವಾರಂಟ್ ಆಗುವುದಿಲ್ಲ” ಎಂದರು ಉಸ್ತಾದಾ. ನ್ಯಾಯಾಧೀಶರು ವಿಚಾರಣೆ ಮುಂದೂಡಿದರು. ಮುಂದಿನ ಸಲ ವಾರಂಟಿನಲ್ಲಿ ಅಂಗಡಿಗೆ ಸಂಬಂಧಿಸಿದ ಒಂದೇ ಹಾಳೆ ಬಂತು. ಉಳಿದುದರಲ್ಲಿ ಮಾಹಿತಿ ಕೊಟ್ಟವನ ಹೆಸರಿದೆ, ಕೊಡಲಾಗದು ಎಂಬ ವಾದ. “ಹೆಸರು ಮುಚ್ಚಿ ಉಳಿದದ್ದು ತನ್ನಿ” ಎಂದು ನ್ಯಾಯಾಧೀಶರು ಆದೇಶಿಸಿದರು.

ಆ ನಡುವೆ ಒಂದು ಸಂಜೆ, ಕೋಣೆ ನಿಜವಾಗಿಯೂ ವಾಸದ ಮನೆಯೇ ಎಂದು ನೋಡಲು ಉಸ್ತಾದಾ ಮತ್ತು ನಾನು ಹೋದೆವು. ಮಂಚ, ಒಲೆ, ನಮಾಜಿನ ಚಾಪೆ. ಮೂಲೆಯಲ್ಲಿ ಟ್ರಂಕ್ ಬಾಯಿ ತೆರೆದುಕೊಂಡೇ ಇತ್ತು, ಸೀರೆಗಳು ಮುದ್ದೆಯಾಗಿ ಬಿದ್ದಿದ್ದವು.

“ಮಡಚಲಿಕ್ಕೆ ನಂಗೆ ಬರೂದಿಲ್ಲ,” ಎಂದರು ಸಾಹೇಬರು, “ಅವಳೇ ಮಡಚಿಟ್ಟು ಹೋದದ್ದು.”

ನಾನು ಒಂದು ಸೀರೆ ಎತ್ತಿಕೊಂಡೆ. ಉಸ್ತಾದಾ ಅಬಾಯಾದ ತೋಳು ಸರಿಸಿಕೊಂಡು ಇನ್ನೊಂದು ತುದಿ ಹಿಡಿದರು. “ಇಷ್ಟು ಉದ್ದವಾ!” ಎಂದು ಬಾಗಿಲ ತನಕ ಹಿಂದೆ ಹೋದರು. ಅಂಚಿಗೆ ಅಂಚು ಕೂಡಿಸುವುದನ್ನು ನಾನು ತೋರಿಸಿಕೊಟ್ಟೆ. ಸಾಹೇಬರು ಹಾಲಿಲ್ಲದ ಸುಲೈಮಾನಿ ಚಹಾ ಮಾಡುತ್ತಾ, ಯಾವ ಸೀರೆ ಯಾರ ಮದುವೆಯದು ಎಂದು ಹೇಳುತ್ತಾ ಹೋದರು. ನಾನು ಅನುವಾದಿಸುತ್ತಾ ಹೋದೆ. ಟ್ರಂಕ್ ತುಂಬಿದಾಗ ಮೂವರೂ ಕೂತು ಚಹಾ ಕುಡಿದೆವು. ಕೆಳಗಿನಿಂದ ಊದಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ಕೊನೆಗೂ ವಾರಂಟ್ ಪೂರ್ತಿಯಾಗಿ ಬಂತು. ಅದರಲ್ಲಿ ಮಾಳಿಗೆ ಕೋಣೆಯೂ ಇತ್ತು. ಅಂಗಡಿಯ ಪೆಟ್ಟಿಗೆಗಳನ್ನು ಮೇಲೆ ಸಾಗಿಸುತ್ತಾರೆ ಎಂಬ ಕಾರಣವನ್ನೂ ಬರೆದಿದ್ದರು. ಉಸ್ತಾದಾರ ಮುಖ ಚಿಕ್ಕದಾಯಿತು. ಕೋರ್ಟಿನ ಮೊಗಸಾಲೆಯಲ್ಲಿ ಸಾಹೇಬರು ನನ್ನ ಕೈಗೆ ಪ್ರತಿ ಕೊಟ್ಟು, “ಕನ್ನಡದಲ್ಲಿ ಹೇಳು” ಎಂದರು. ಒಂದೊಂದೇ ಸಾಲು ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

“ಪೆಟ್ಟಿಗೆ ಹೊತ್ತದ್ದು ನಿಜ ಮಾರಾಯ್ತಿ, ಕೆಳಗೆ ಜಾಗ ಎಲ್ಲಿತ್ತು?” ಎಂದು ನಕ್ಕರು. “ಹಾಗಾದ್ರೆ ಸುಮ್ಮನೆ ನುಗ್ಗಿದ್ದಲ್ಲ. ಕೇಳಿಯೇ ಬಂದದ್ದು. ಆಯ್ತು ಬಿಡು.”

“ನಾವು ಆ ವಾದ ಸೋತೆವು ಸಾಹೇಬ್ರೇ.”

“ನಂಗೆ ಗೊತ್ತಾಗ್ಬೇಕಿತ್ತು ಅಷ್ಟೇ. ಉಸ್ತಾದಾರಿಗೆ ಹೇಳು, ಬೇಜಾರು ಮಾಡ್ಬೇಡಿ ಅಂತ.”

ಹೇಳಿದೆ. ಉಸ್ತಾದಾ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಮುಂದೆ ಪ್ರಯೋಗಾಲಯದ ವರದಿ ಬಂತು. ಬಾಟ್ಲಿಗಳಲ್ಲಿದ್ದದ್ದು ಸಾಹೇಬರೇ ಬೆರೆಸಿದ ಅತ್ತರು, ಯಾರ ನಕಲೂ ಅಲ್ಲ. ಖುಲಾಸೆಯಾಯಿತು, ಸಾಮಾನೂ ವಾಪಸು ಬಂತು. ಮರುವರ್ಷ ಅವರು ವ್ಯಾಪಾರ ಬಿಟ್ಟು ಬೆಟ್ಟದ ಮೇಲಿನ ಊರು ಅಭಾದಲ್ಲಿರುವ ಮಗಳ ಮನೆಗೆ ಹೋದರು. ಈದ್‌ಗೆ ಫೋನು ಬರುತ್ತದೆ. ಅಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕು ಎಂದು ಪ್ರತಿ ಸಲವೂ ಹೇಳುತ್ತಾರೆ, ಪ್ರತಿ ಸಲವೂ ನಾನು ಹೊಸದೆಂಬಂತೆ ಕೇಳುತ್ತೇನೆ.

ಈಗ ನಮ್ಮ ಕಚೇರಿ ದೊಡ್ಡದಾಗಿದೆ. ಎಷ್ಟೋ ವಿಚಾರಣೆಗಳು ಪರದೆಯ ಮೇಲೆಯೇ ಮುಗಿಯುತ್ತವೆ, ಕೋರ್ಟಿನ ಮೊಗಸಾಲೆ ನೋಡಿ ಬಹಳ ಕಾಲವಾಯಿತು. ಮೊನ್ನೆ ಮೆಟ್ರೋ ಇಳಿದು ಹಳೇ ಮಾರುಕಟ್ಟೆಗೆ ಹೋಗಿದ್ದೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಬೇಕಿಲ್ಲದಿದ್ದರೂ ಒಂದು ಕೊಂಡು, ಸ್ವಲ್ಪ ಹೊತ್ತು ಅಲ್ಲೇ ನಿಂತು ಬಂದೆ.